ಅಳತೆಪಟ್ಟಿಯಿಲ್ಲದ ಚಿತ್ರ

ಭಟ್ಕಳ, ಹೊನ್ನಾವರ, ಕುಮಟಾಗಳನ್ನು ಹಾದುಹೋಗುವ 66ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ಕಾರು ಬಡಿದು ಪಾದಚಾರಿಯೊಬ್ಬನು ಅಸುನೀಗಿದನೆನ್ನಿರಿ. ಚಾಲಕನ ಅಜಾಗರೂಕತೆಯೇ ಕಾರಣವಾಗಿದ್ದರೆ ಅದು ಅಪರಾಧದ ಸ್ಥಳವೇ ಸರಿ. ಬ್ರೇಕು ಹಾಕಿದಾಗ ಚಕ್ರಗಳು ಎಳೆದ ಕಪ್ಪು ಗೆರೆಯೇ ಅಲ್ಲಿ ಸಾಕ್ಷಿ. ಕರಾವಳಿಯ ಮಳೆಯೂ ಎಡೆಬಿಡದ ವಾಹನಸಂಚಾರವೂ ಅದನ್ನು ಬಹುಕಾಲ ಉಳಿಯಗೊಡವು. ಉಳಿಯುವುದು ಛಾಯಾಚಿತ್ರ ಮಾತ್ರ.

ಒಂದರಲ್ಲಿ ಕಂಡ ಭಾಗ ಇನ್ನೊಂದರಲ್ಲಿಯೂ ಕಾಣುವಂತೆ ಹಲವು ದಿಕ್ಕುಗಳಿಂದ ತೆಗೆದ ಚಿತ್ರಗಳನ್ನು ಫೋಟೋಗ್ರಾಮೆಟ್ರಿ ತಂತ್ರಾಂಶಕ್ಕೆ ಒಪ್ಪಿಸಿದರೆ, ಅದು ಗಣಕಯಂತ್ರದಲ್ಲಿ ಆ ಸ್ಥಳದ ಪ್ರತಿಕೃತಿಯನ್ನೇ ಕಟ್ಟಿಕೊಡುತ್ತದೆ. ಆದರೆ ಅದು ಬಲ್ಲುದು ಆಕಾರವನ್ನು, ಗಾತ್ರವನ್ನಲ್ಲ. ಆಟಿಕೆಯ ಮನೆಗೂ ನಿಜವಾದ ಮನೆಗೂ ಅದಕ್ಕೆ ಭೇದ ತಿಳಿಯದು. ಉದ್ದ ತಿಳಿದ ವಸ್ತುವೊಂದು ಚಿತ್ರದಲ್ಲಿದ್ದರೆ ಮಾತ್ರ ಉಳಿದುದೆಲ್ಲ ಲೆಕ್ಕಕ್ಕೆ ಸಿಗುತ್ತದೆ. ಈ ಗುಟ್ಟನ್ನರಿತೇ 20ನೆಯ ಶತಮಾನದ ಆರಂಭದಲ್ಲಿ ಪ್ಯಾರಿಸಿನ ಪೋಲೀಸ್ ಅಧಿಕಾರಿ ಅಲ್ಫೋನ್ಸ್ ಬೆರ್ಟಿಯೋನ್, ಕೊಲೆ ನಡೆದ ಕೋಣೆಗಳ ಚಿತ್ರಗಳನ್ನು ಅಂಚಿನಲ್ಲಿ ಅಳತೆಗೆರೆಗಳು ಮುದ್ರಿತವಾದ ರಟ್ಟುಗಳಿಗೆ ಅಂಟಿಸಿಡುತ್ತಿದ್ದನು.

ಒಣಗಿದ ಡಾಂಬರಿನ ಮೇಲೆ 20 ಮೀಟರಿನ ಗೆರೆಯೆಂದರೆ ಕಾರಿನ ವೇಗ ಗಂಟೆಗೆ ಸುಮಾರು 60 ಕಿಲೋಮೀಟರು; 28 ಮೀಟರಾದರೆ ಸುಮಾರು 70. ಈ 8 ಮೀಟರುಗಳ ನಡುವೆ ಒಬ್ಬನ ಸೆರೆವಾಸವೂ ಇನ್ನೊಬ್ಬನ ಮನೆಯವರ ಪರಿಹಾರವೂ ತೂಗಾಡಬಹುದು. ಗೆರೆಯ ಪಕ್ಕದಲ್ಲಿ ಅಳತೆಪಟ್ಟಿಯೊಂದನ್ನಿಡಲು ಅರೆನಿಮಿಷ ಸಾಕು. ಅದನ್ನು ಮರೆತವರು, ಚಿತ್ರದಲ್ಲಿ ಕಾಣುವ ಮೋರಿಯ ಕಟ್ಟೆಯನ್ನೋ ಕಿಲೋಮೀಟರು ಕಲ್ಲನ್ನೋ ಆಮೇಲೆ ಹೋಗಿ ಅಳೆಯಬೇಕು. ಹೆದ್ದಾರಿಯನ್ನು ಅಗಲಗೊಳಿಸುವಾಗ ಅದನ್ನೂ ಕಿತ್ತುಹಾಕಿದ್ದರೆ, ಸಾಕ್ಷಿ ಕಣ್ಣೆದುರೇ ಇದ್ದೂ ಮೂಕವಾಗುತ್ತದೆ.