ನೆಟ್ ಇರಲಿ, ಕರೆ ಬೇಡ: ಆ ಚಿಲಕ ಫೋನಿನ ಒಡೆಯನಿಗೇ ಸಿಗಲಿ

ಬೆಳಗಾವಿ ಜಿಲ್ಲೆಯ ಹುಕ್ಕೇರಿ ಬಸ್ ನಿಲ್ದಾಣದಲ್ಲಿ ಗಾಡಿಗೆ ಕಾಯುತ್ತ ನಿಂತ ಯಾರನ್ನಾದರೂ ಕೇಳಿ ನೋಡಬೇಕು, ಇವತ್ತು ಬೆಳಗಿನಿಂದ ಬಂದ ಕರೆಗಳಲ್ಲಿ ಗುರುತಿನವರದು ಎಷ್ಟು ಎಂದು. ಲೆಕ್ಕಕ್ಕಿಂತ ಮೊದಲು ಬೈಗುಳ ಬರುತ್ತದೆ. "ಸಾಲ ಬೇಕೇನ್ರೀ" ಎನ್ನುವ ಒಂದು ದನಿ, ಕೆವೈಸಿ ಅವಧಿ ಮುಗಿದಿದೆ ಎಂದು ಹಿಂದಿಯಲ್ಲಿ ಹೆದರಿಸುವ ಇನ್ನೊಂದು ದನಿ, ಆಚೆ ಬದಿಯಲ್ಲಿ ಮನುಷ್ಯರೇ ಇಲ್ಲದೆ ತನ್ನಷ್ಟಕ್ಕೆ ಒದರುವ ಯಂತ್ರದ ದನಿ. ಗೋಕಾಕದ ಕರದಂಟಿನ ಅಂಗಡಿಯಲ್ಲಿ ಗಿರಾಕಿ ಕಳಿಸಿದ ದುಡ್ಡು ಬಂತೇ ಎಂದು ಮಾಲೀಕ ಪರದೆ ನೋಡುವ ಹೊತ್ತಿಗೇ ಅಪರಿಚಿತ ನಂಬರ್ ಮೇಲೇಳುತ್ತದೆ. ಮೂಡಲಗಿಯಲ್ಲಿ ಫೋನಿನಲ್ಲಿ ಪಾಠ ಕೇಳುವ ಹುಡುಗಿಯ ಗಣಿತ ಅರ್ಧಕ್ಕೆ ನಿಲ್ಲುತ್ತದೆ.

ಇವರೆಲ್ಲರ ಬೇಡಿಕೆ ಒಂದೇ, ಅದೂ ಸಣ್ಣದು. ನೆಟ್ ನಡೆಯಲಿ, ಬೇಡದ ಕರೆ ನಿಲ್ಲಲಿ.

ನೆಟ್ ಇಲ್ಲದೆ ಈಗ ಹಳ್ಳಿಯ ದಿನ ಸಾಗುವುದಿಲ್ಲ ಎಂಬುದನ್ನು ಯಾರಿಗೂ ಹೇಳಿಕೊಡಬೇಕಿಲ್ಲ. ಪಹಣಿ ನೋಡಲು, ಬೆಳೆ ಸಮೀಕ್ಷೆಯಲ್ಲಿ ಬೆಳೆ ದಾಖಲಿಸಲು, ಕಬ್ಬಿನ ಬಿಲ್ ಖಾತೆಗೆ ಬಿತ್ತೇ ಎಂದು ತಿಳಿಯಲು, ಚಹಾದ ಹತ್ತು ರೂಪಾಯಿ ಕೊಡಲು ಎಲ್ಲಕ್ಕೂ ಅದೇ ಬೇಕು. ಫ್ಲೈಟ್ ಮೋಡ್ ಹಾಕಿದರೆ ಕರೆಯ ಜೊತೆ ಮೊಬೈಲ್ ನೆಟ್ಟೂ ಹೋಗುತ್ತದೆ. ಮನೆಯಲ್ಲಿ ವೈಫೈ ಇರುವ ಪೇಟೆಯವರಿಗೆ ಆ ಉಪಾಯ ನಡೆದೀತು, ಸಿಮ್ಮಿನ ನೆಟ್ಟನ್ನೇ ನಂಬಿದ ತೋಟದ ಮನೆಯವರಿಗೆ ನಡೆಯದು. ಸಿಗ್ನಲ್ ತೆಳುವಾದ ಕಡೆ ತೊಂದರೆ ಇನ್ನೂ ಹೆಚ್ಚು. ವೋಲ್ಟಿ ಸೌಲಭ್ಯ ಇಲ್ಲದ ಫೋನಿಗೆ ಕರೆ ಬಂದರೆ ಅದು 4ಜಿ ಬಿಟ್ಟು ಹಳೆಯ ಜಾಲಕ್ಕೆ ಇಳಿಯುತ್ತದೆ, ನಡೆಯುತ್ತಿದ್ದ ನೆಟ್ ಅಲ್ಲಿಗೇ ತುಂಡಾಗುತ್ತದೆ. ಎರಡು ಸಿಮ್ಮಿನ ಎಷ್ಟೋ ಫೋನುಗಳಲ್ಲಿ ಒಂದಕ್ಕೆ ಕರೆ ಬಂದರೆ ಇನ್ನೊಂದರ ನೆಟ್ ನಿಲ್ಲುತ್ತದೆ. ಯಾರಿಗೋ ಸಾಲ ಮಾರುವ ಅವಸರ, ಇಲ್ಲಿ ಬೇರೊಬ್ಬರ ಪಾವತಿ ನಡುದಾರಿಯಲ್ಲಿ ಸಿಕ್ಕಿಬೀಳುತ್ತದೆ.

ಇದಕ್ಕೆ ಉಪಾಯ ಇನ್ನೂ ಹುಟ್ಟಿಲ್ಲ ಎನ್ನುವಂತಿಲ್ಲ. ಒಳಬರುವ ಕರೆಗಳನ್ನಷ್ಟೇ ತಡೆಯುವ ವ್ಯವಸ್ಥೆ ಜಿಎಸ್ಎಂ ಮೊಬೈಲ್ ಜಾಲದ ನಿಯಮಾವಳಿಯಲ್ಲೇ ಹಳೆಯ ಕಾಲದಿಂದ ಇದೆ. *35* ಒತ್ತಿ, ನಾಲ್ಕಂಕಿಯ ಪಾಸ್‌ವರ್ಡ್ ಹಾಕಿ, # ಒತ್ತಿದರೆ ಬರುವ ಕರೆಗಳೆಲ್ಲ ಜಾಲದಲ್ಲೇ ನಿಲ್ಲುತ್ತವೆ. ನೆಟ್ ಇರುತ್ತದೆ, ತಾನಾಗಿ ಕರೆ ಮಾಡಲೂ ಬರುತ್ತದೆ. ಬೇಕೆನಿಸಿದಾಗ ಮೊದಲ * ಬದಲು # ಇಟ್ಟು ಅದನ್ನೇ ಒತ್ತಿದರೆ ತಡೆ ತೆರೆಯುತ್ತದೆ. ಪುಸ್ತಕದಲ್ಲಿ ಇಷ್ಟು ಸುಲಭ. ಹುಕ್ಕೇರಿಯಲ್ಲಿ ಕುಳಿತು ಒತ್ತಿದವರಿಗೆ ಒಂದು ಸಿಮ್ಮಿನಲ್ಲಿ ನಡೆಯುತ್ತದೆ, ಇನ್ನೊಂದರಲ್ಲಿ ಇಂಗ್ಲಿಷಿನ ದೋಷ ಸಂದೇಶ ಬರುತ್ತದೆ. ಪಾಸ್‌ವರ್ಡ್ 0000 ಇರಬಹುದು, 1234 ಇರಬಹುದು, ಕಂಪನಿ ಆ ಸೇವೆಯನ್ನೇ ಮುಚ್ಚಿಟ್ಟಿರಲೂಬಹುದು. ಗ್ರಾಹಕ ಸೇವೆಗೆ ಫೋನ್ ಹಚ್ಚಿದರೆ ಮೊದಲು ಹೊಸ ಪ್ಯಾಕಿನ ಜಾಹೀರಾತು ಕೇಳಬೇಕು.

ಕ್ಷಮಿಸಲು ಆಗದ ತಪ್ಪು ಇದು. ಮನೆ ಕಟ್ಟಿಕೊಟ್ಟವನು ಬಾಗಿಲಿನ ಚಿಲಕವನ್ನು ಹೊರಬದಿಗೆ ಬಡಿದು, ಬಂದವರೆಲ್ಲ ಒಳನುಗ್ಗಲಿ, ಕಳವಾದರೆ ದೂರು ಕೊಡಿ ಎಂದರೆ ಊರು ಸುಮ್ಮನಿರುವುದಿಲ್ಲ. ಮೊಬೈಲಿನ ವಿಷಯದಲ್ಲಿ ಇಡೀ ನಾಡು ಸುಮ್ಮನಿದೆ.

ಈ ಸ್ಥಿತಿಗೆ ಒಂದು ಲೆಕ್ಕಾಚಾರವೂ ಇದೆ. ಮೊಬೈಲ್ ಹೊಸದಾಗಿ ಬಂದಾಗ ಬಂದ ಕರೆಗೂ ದುಡ್ಡು ಕೊಡಬೇಕಿತ್ತು. 2003ರ ಮೇ ತಿಂಗಳಿನಿಂದ ಕರೆ ಮಾಡಿದವನೇ ಖರ್ಚು ಹೊರುವ ಪದ್ಧತಿ ಬಂತು, ಜನ ಸಂತೋಷಪಟ್ಟರು, ಸಂತೋಷಪಡಬೇಕಾದದ್ದೇ. ಮುಂದೆ ಒಂದು ಕಂಪನಿಯ ಕರೆಯನ್ನು ಇನ್ನೊಂದು ಕಂಪನಿ ಮುಟ್ಟಿಸಿದ್ದಕ್ಕೆ ಸಲ್ಲುತ್ತಿದ್ದ ಪೈಸೆಗಳ ಶುಲ್ಕವೂ 2021ರ ಜನವರಿ 1ರಿಂದ ಸೊನ್ನೆಯಾಯಿತು. ಅನಿಯಮಿತ ಪ್ಯಾಕ್ ಹಾಕಿಸಿಕೊಂಡವನಿಗೆ ಈಗ ಒಂದು ಕರೆಯೂ ಒಂದೇ, ಸಾವಿರ ಕರೆಯೂ ಒಂದೇ. ಕಾಡುವವನಿಗೆ ಖರ್ಚಿಲ್ಲ, ಕಾಡಿಸಿಕೊಳ್ಳುವವನಿಗೆ ಹೊತ್ತು ಹಾಳು. ಅದರ ಮೇಲೆ, 2018ರ ಕೊನೆಯಿಂದ ಕನಿಷ್ಠ ರಿಚಾರ್ಜ್ ಮಾಡಿಸದಿದ್ದರೆ ಒಳಬರುವ ಕರೆಯೇ ಬಂದ್ ಎಂಬ ರೂಢಿ ಬೆಳೆಯಿತು. ರಿಚಾರ್ಜ್ ತಪ್ಪಿದ ದಿನ ಒಳಬರುವ ಕರೆ ನಿಲ್ಲಿಸುವುದು ಕಂಪನಿಗೆ ಚೆನ್ನಾಗಿ ಗೊತ್ತು. ದುಡ್ಡು ಕಟ್ಟಿದ ಗ್ರಾಹಕ ಅದನ್ನೇ ಕೇಳಿದರೆ ಮಾತ್ರ ತಾಂತ್ರಿಕ ತೊಡಕು ಎದುರಾಗುತ್ತದೆ!

2024ರ ಡಿಸೆಂಬರ್‌ನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಒಂದು ಒಳ್ಳೆಯ ಕೆಲಸ ಮಾಡಿತು. ನೆಟ್ ಬಳಸದ ವೃದ್ಧರು, ಬಡವರು ಬೇಡದ ನೆಟ್ಟಿಗೆ ದುಡ್ಡು ಕೊಡಬಾರದೆಂದು, ಮಾತು ಮತ್ತು ಎಸ್ಎಂಎಸ್ ಮಾತ್ರ ಇರುವ ಪ್ಯಾಕನ್ನು ಪ್ರತಿ ಕಂಪನಿಯೂ ಕೊಡಲೇಬೇಕೆಂದು ನಿಯಮ ಮಾಡಿತು. ನೆಟ್ ಇಲ್ಲದ ಮಾತಿಗೆ ನಿಯಮ ಮಾಡಬಲ್ಲ ಪ್ರಾಧಿಕಾರಕ್ಕೆ ಮಾತಿಲ್ಲದ ನೆಟ್ಟಿಗೆ ನಿಯಮ ಮಾಡಲು ಏನು ಅಡ್ಡಿ?

ಇದು ಬರೀ ಕಿರಿಕಿರಿಯ ಮಾತು ಎಂದು ಪುಟ ತಿರುಗಿಸುವವರು ಖಾನಾಪುರ ತಾಲ್ಲೂಕಿನ ಬೀಡಿ ಗ್ರಾಮವನ್ನು ನೆನೆಯಬೇಕು. ಬೆಳಗಾವಿ ಜಿಲ್ಲೆಯದೇ ಊರು. 2025ರ ಮಾರ್ಚ್ ಕೊನೆಯ ವಾರ ಅಲ್ಲಿ ಎಂಬತ್ತರ ಆಸುಪಾಸಿನ ದಂಪತಿ ಜೀವ ಕಳೆದುಕೊಂಡರು. ಗಂಡ ನಿವೃತ್ತ ಸರ್ಕಾರಿ ನೌಕರ, ಮಕ್ಕಳಿಲ್ಲದ ಮನೆ. ನಿಮ್ಮ ಹೆಸರಿನಲ್ಲಿ ಸಿಮ್ ಪಡೆದು ಯಾರೋ ಅಪರಾಧ ಮಾಡಿದ್ದಾರೆ ಎಂದು ಹೆದರಿಸಿ, ವಂಚಕರು 50 ಲಕ್ಷ ರೂಪಾಯಿಗೂ ಹೆಚ್ಚು ಸುಲಿದಿದ್ದರು. ಮೊದಲು ಕರೆ ಮಾಡಿದವನು ತಾನು ದೆಹಲಿಯ ದೂರಸಂಪರ್ಕ ಇಲಾಖೆಯವನೆಂದು ಹೇಳಿಕೊಂಡಿದ್ದ. ಯಾವ ಇಲಾಖೆ ಆ ಹಿರಿಯರ ಫೋನನ್ನು ಕಾಯಬೇಕಿತ್ತೋ ಅದರ ಹೆಸರೇ ಗಾಳವಾಯಿತು. ಆ ಮೊದಲ ಕರೆ ಜಾಲದಲ್ಲೇ ನಿಂತಿದ್ದರೆ? ಈ ಪ್ರಶ್ನೆಯನ್ನು ಕಂಪನಿಯವರು, ಅಧಿಕಾರಿಗಳು ದಿನಕ್ಕೊಮ್ಮೆಯಾದರೂ ಕೇಳಿಕೊಳ್ಳಲಿ.

ಅದಕ್ಕೂ ಐದು ತಿಂಗಳ ಮೊದಲು, 2024ರ ಅಕ್ಟೋಬರ್ 27ರ ಮನದ ಮಾತಿನಲ್ಲಿ ಪ್ರಧಾನಿಯವರು ಇಂಥದೇ ವಂಚನೆಯ ಸಂಭಾಷಣೆಯೊಂದನ್ನು ದೇಶಕ್ಕೆ ಕೇಳಿಸಿದ್ದರು. ಅದು ಪಕ್ಕದ ವಿಜಯಪುರದವರೊಬ್ಬರಿಗೆ ಬಂದ ಕರೆ. ಡಿಜಿಟಲ್ ಅರೆಸ್ಟ್ ಎಂಬ ಬಂಧನ ಕಾನೂನಿನಲ್ಲೇ ಇಲ್ಲ ಎಂದು ಅವರು ಬಿಡಿಸಿ ಹೇಳಿದರು. ಬಳಿಕ ಕರೆ ಮಾಡುವ ಎಲ್ಲರ ಕಿವಿಗೂ ಬೀಳುವಂತೆ ಸರ್ಕಾರ ಎಚ್ಚರಿಕೆಯ ದನಿಯನ್ನು ಹಾಕಿಸಿತು. ತಿಂಗಳುಗಟ್ಟಲೆ, ಆಂಬುಲೆನ್ಸ್ ಬೇಕೆಂದು ಮನೆಯವರಿಗೆ ಅವಸರದಲ್ಲಿ ಫೋನ್ ಹಚ್ಚಿದವರೂ ಅದನ್ನು ಕೇಳಿ ಹಲ್ಲು ಕಡಿದರು. ವಂಚಕ ಕರೆ ಮಾಡುವುದಕ್ಕೆ ಮಾತ್ರ ಆ ದನಿಯಿಂದ ಯಾವ ತಡೆಯೂ ಆಗಲಿಲ್ಲ. ಎಚ್ಚರವಾಗಿರುವ ಹೊಣೆ, ತಿಳಿಯುವ ಹೊಣೆ, ತಪ್ಪಿಸಿಕೊಳ್ಳುವ ಹೊಣೆ ಎಲ್ಲವೂ ಫೋನ್ ಎತ್ತುವ ಅಜ್ಜನ ತಲೆಗೇ.

ಕರೆಯ ದಂಧೆ ದೂರದ್ದೆಂದು ತಿಳಿಯುವುದೂ ತಪ್ಪು. 2025ರ ನವೆಂಬರ್‌ನಲ್ಲಿ ಬೆಳಗಾವಿ ನಗರದಲ್ಲೇ ಪೊಲೀಸರು ನಕಲಿ ಕಾಲ್ ಸೆಂಟರ್ ಒಂದರ ಮೇಲೆ ದಾಳಿ ಮಾಡಿ 33 ಜನರನ್ನು ಹಿಡಿದರು. ಅಲ್ಲಿಂದ ಅಮೆರಿಕದ ಜನರನ್ನು ವಂಚಿಸುತ್ತಿದ್ದರು. ಬೆಳಗಾವಿಯಲ್ಲಿ ಕುಳಿತು ಅಮೆರಿಕದ ಅಜ್ಜಿಯನ್ನು ಸುಲಿಯಬಹುದಾದರೆ, ಬೇರೆಲ್ಲೋ ಕುಳಿತು ಸಂಕೇಶ್ವರದ ಅಜ್ಜಿಯನ್ನು ಸುಲಿಯುವುದು ಎಷ್ಟರ ಕೆಲಸ?

ಸಾಲದ ಕಂತು ತಪ್ಪಿದವರ ಮನೆಯ ಸಂಕಟ ಇನ್ನೊಂದು. ಕಿರುಸಾಲದ ವಸೂಲಿಗೆ ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಕರೆ ಮಾಡಕೂಡದೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ವಸೂಲಿಯ ಕಿರುಕುಳ ತಡೆಯಲು 2025ರ ಫೆಬ್ರುವರಿಯಲ್ಲಿ ರಾಜ್ಯ ಸುಗ್ರೀವಾಜ್ಞೆಯನ್ನೂ ತಂದಿತು. ಆದರೆ ಸಂಜೆ 6ಕ್ಕೆ ಹೊರಗಿನ ಕರೆ ಮುಚ್ಚಿ ಬೆಳಿಗ್ಗೆ 9ಕ್ಕೆ ತೆರೆಯುವ ಕೀಲಿ ಸಾಲ ಪಡೆದ ಹೆಣ್ಣುಮಗಳ ಕೈಯಲ್ಲಿಲ್ಲ. ನಿಯಮ ಕಾಗದದ ಮೇಲಿರುತ್ತದೆ, ಫೋನ್ ರಾತ್ರಿ ಎಂಟಕ್ಕೂ ಬಡಿದುಕೊಳ್ಳುತ್ತದೆ.

ಸರ್ಕಾರ ಏನೂ ಮಾಡಿಲ್ಲ ಎನ್ನುವುದು ಸುಳ್ಳಾಗುತ್ತದೆ. 2007ರಲ್ಲಿ ಕರೆ ಬೇಡ ಎನ್ನುವವರ ಪಟ್ಟಿ ಬಂತು, 2010ರಲ್ಲಿ ನಿಯಮ ಬದಲಾಯಿತು, 2018ರಲ್ಲಿ ಮತ್ತೆ ಬದಲಾಯಿತು, 2025ರ ಫೆಬ್ರುವರಿಯಲ್ಲಿ ಇನ್ನಷ್ಟು ಬಿಗಿಯಾಯಿತು. ಮಾರಾಟದ ಕರೆಗೆ 140ರ ಸರಣಿ, ಬ್ಯಾಂಕುಗಳ ವ್ಯವಹಾರದ ಕರೆಗೆ 1600ರ ಸರಣಿ ಗೊತ್ತುಮಾಡಿದರು. ಬೇಡದ ಕರೆಗಳ ಲೆಕ್ಕವನ್ನು ತಪ್ಪಾಗಿ ಕೊಡುವ ಕಂಪನಿಗೆ 2 ಲಕ್ಷದಿಂದ 10 ಲಕ್ಷದವರೆಗೆ ದಂಡವಿದೆ. ಆದರೂ ಇಡೀ ಏರ್ಪಾಡು ನಿಂತಿರುವುದು ದೂರಿನ ಮೇಲೆ. ಕರೆ ಬರಬೇಕು, ಎತ್ತಬೇಕು, ನಂಬರ್ ಬರೆದಿಟ್ಟುಕೊಳ್ಳಬೇಕು, ಏಳು ದಿನದೊಳಗೆ 1909ಕ್ಕೆ ದೂರಬೇಕು. ಅಷ್ಟರಲ್ಲಿ ಆ ನಂಬರ್ ಸತ್ತು ಹತ್ತು ಹೊಸ ನಂಬರ್ ಹುಟ್ಟಿರುತ್ತವೆ. ಹದಿನೆಂಟು ವರ್ಷ ನಿಯಮ ತಿದ್ದಿದವರಿಗೆ ಬೇಡ ಎನ್ನುವ ಗುಂಡಿಯೊಂದನ್ನು ಜನರ ಕೈಗಿಡಬೇಕೆಂದು ಹೊಳೆಯಲಿಲ್ಲ ಎಂದರೆ ನಂಬುವುದು ಹೇಗೆ?

ಕಂಪನಿ ಕೊಡದ ಚಿಲಕವನ್ನು ಕಳ್ಳ ಕೊಡುತ್ತಿದ್ದಾನೆ, ಇದೇ ಅತಿ ಅಪಾಯದ ಸಂಗತಿ. "ಈ ಕೋಡ್ ಒತ್ತಿರಿ, ಕರೆ ಬಂದ್, ನೆಟ್ ಚಾಲೂ" ಎಂಬ ವಿಡಿಯೋಗಳು ಫೋನಿನಿಂದ ಫೋನಿಗೆ ಹರಿದಾಡುತ್ತವೆ. ಕೆಲವು ಸರಿ ಇರಬಹುದು. ಆದರೆ *21* ಅಥವಾ *401* ಎಂದು ಶುರುವಾಗಿ ಮುಂದೆ ಹತ್ತಂಕಿ ಇದ್ದರೆ ಅದು ಕರೆ ತಡೆಯುವುದಿಲ್ಲ, ಬಂದ ಕರೆಗಳನ್ನು ಆ ಹತ್ತಂಕಿಯವನ ಫೋನಿಗೆ ತಿರುಗಿಸುತ್ತದೆ. ಓಟಿಪಿಯನ್ನು ಕರೆಯಲ್ಲಿ ಹೇಳುವ ಸೇವೆಗಳಿದ್ದರೆ ಅದೂ ಅವನ ಕಿವಿಗೇ, ವಾಟ್ಸಾಪ್ ಖಾತೆಯೂ ಅವನ ಕೈಗೇ. ಈ ಮೋಸ ಎಷ್ಟು ಬೆಳೆಯಿತೆಂದರೆ 2024ರ ಏಪ್ರಿಲ್ 15ರಿಂದ ಕೋಡ್ ಒತ್ತಿ ಕರೆ ತಿರುಗಿಸುವ ಸೌಲಭ್ಯವನ್ನೇ ನಿಲ್ಲಿಸುವಂತೆ ದೂರಸಂಪರ್ಕ ಇಲಾಖೆ ಕಂಪನಿಗಳಿಗೆ ಹೇಳಬೇಕಾಯಿತು. ಹೀಗೆ ಒತ್ತಿ ಸಂಶಯಪಡುತ್ತಿರುವವರು ##002# ಒತ್ತಿ ತಿರುಗಿಸುವಿಕೆಯನ್ನೆಲ್ಲ ರದ್ದು ಮಾಡಲಿ.

ಬೈಗುಳ ಕಂಪನಿಗಷ್ಟೇ ಮೀಸಲಲ್ಲ, ಓದುತ್ತಿರುವವರಿಗೂ ಪಾಲಿದೆ. ಲಕ್ಕಿ ಡ್ರಾ ಚೀಟಿಗೆ, ಬಟ್ಟೆ ಅಂಗಡಿಯ ಬಿಲ್ಲಿಗೆ, ಜಾತ್ರೆಯ ಮಳಿಗೆಯ ರಟ್ಟಿನ ಡಬ್ಬಿಗೆ ಕೇಳಿದ ಕೂಡಲೇ ನಂಬರ್ ಬರೆದುಕೊಡುವವರು ಯಾರು? ಮೋಸಹೋದ ಮೇಷ್ಟ್ರನ್ನು ಕಂಡು ಕಟ್ಟೆಯ ಮೇಲೆ ಕುಳಿತು ನಕ್ಕವರು ಯಾರು? ಆ ನಗೆಗೆ ಹೆದರಿಯೇ ಮುಂದಿನವರು ತಮ್ಮ ಸುಲಿಗೆಯನ್ನು ಮನೆಯವರಿಗೂ ಹೇಳದೆ ನುಂಗಿಕೊಳ್ಳುತ್ತಾರೆ. ಪುಣೆಯಲ್ಲೋ ಬೆಂಗಳೂರಿನಲ್ಲೋ ದುಡಿಯುವ ಮಗ ತಂದೆಗೆ ಹೊಸ ಸ್ಮಾರ್ಟ್‌ಫೋನ್ ಕಳಿಸುತ್ತಾನೆ. ಅದರಲ್ಲಿ ಹೆಸರಿದ್ದವರ ಕರೆ ಮಾತ್ರ ಮೊಳಗುವಂತೆ ಮಾಡಿಕೊಡಲು ಐದು ನಿಮಿಷ ಕೂರುವುದಿಲ್ಲ.

ಹುಕ್ಕೇರಿಗೆ ಇದನ್ನು ಜೋರಾಗಿ ಕೇಳುವ ಹಕ್ಕು ಹೆಚ್ಚೇ ಇದೆ. ರಾಜ್ಯದಲ್ಲಿ ಬೇರೆಲ್ಲೂ ಇಲ್ಲದಂತೆ ಇಲ್ಲಿನ ಕರೆಂಟು ಜನರದೇ ಸಂಘದ್ದು. 1969ರಲ್ಲಿ ಹುಟ್ಟಿದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘಕ್ಕೆ ಗ್ರಾಹಕರೇ ಸದಸ್ಯರು. ಲೈನ್ ಹೋದರೆ ಯಾರನ್ನು ಕೇಳಬೇಕೆಂದು ಹಳ್ಳಿಯವರಿಗೆ ಗೊತ್ತು. ರಾತ್ರಿ ಕರೆಂಟ್ ಕಟ್ ಆಗುತ್ತದೆ, ಈಗಲೇ ಬಿಲ್ ಕಟ್ಟಿ ಎಂದು ಹೆಸ್ಕಾಂ ಹೆಸರಿನಲ್ಲಿ ಕರೆ ಬಂದರೆ, ನಮ್ಮದು ಸೊಸಾಯಿಟಿ ಕರೆಂಟು ಎಂದು ಸುಳ್ಳನ್ನು ಹಿಡಿಯಬಲ್ಲವರು ಇವರು. ಆ ಸಂಘದ ಆಡಳಿತಕ್ಕಾಗಿ 2025ರ ಸೆಪ್ಟೆಂಬರ್‌ನಲ್ಲಿ ಜಿಲ್ಲೆಯ ದೊಡ್ಡ ನಾಯಕರೆಲ್ಲ ತಾಲ್ಲೂಕಿಗೆ ಇಳಿದು ಸೆಣಸಿದರು. ಆ ಹುರುಪಿನ ಒಂದು ಪಾಲು, ಪ್ರತಿ ಮನೆಯ ಕಿಸೆಯಲ್ಲಿರುವ ಈ ಯಂತ್ರದ ಮೇಲಿನ ಹಕ್ಕಿಗೆ ಏಕೆ ಸಿಗಬಾರದು?

ಎಲ್ಲ ಕರೆಯನ್ನೂ ಮುಚ್ಚಿದರೆ 108ರವರು ತಿರುಗಿ ಮಾಡುವ ಕರೆ, ಶಾಲೆಯ ಕರೆ, ಆಶಾ ಕಾರ್ಯಕರ್ತೆಯ ಕರೆ ತಪ್ಪೀತು ಎಂಬ ಆತಂಕ ಸರಿಯೇ. ಆದ್ದರಿಂದಲೇ ಯಾವುದನ್ನು, ಎಷ್ಟು ಹೊತ್ತು ಮುಚ್ಚಬೇಕೆಂಬ ತೀರ್ಮಾನ ಫೋನಿನ ಒಡೆಯನದಾಗಿರಬೇಕು. ಇದು ಆಗದ ಮಾತೇನಲ್ಲ. ಅಪರಿಚಿತ ಕರೆಗಳನ್ನು ಮೌನವಾಗಿಸುವ ಗುಂಡಿಯನ್ನು ಐಫೋನ್ 2019ರಲ್ಲೇ ಕೊಟ್ಟಿತು, ವಾಟ್ಸಾಪ್ 2023ರಲ್ಲಿ ಕೊಟ್ಟಿತು. ಎಲ್ಲೋ ದೂರದ ಕಂಪನಿಗಳಿಗೆ ಸಾಧ್ಯವಾದದ್ದು, ಹಳ್ಳಿಹಳ್ಳಿಯಲ್ಲಿ ಟವರ್ ನೆಟ್ಟು ತಿಂಗಳು ತಿಂಗಳು ದುಡ್ಡು ಎಣಿಸುವವರಿಗೆ ಸಾಧ್ಯವಿಲ್ಲವೇ?

ಹುಕ್ಕೇರಿ, ಗೋಕಾಕ, ಮೂಡಲಗಿಯ ಓದುಗರಲ್ಲಿ ಬೇಡಿಕೊಳ್ಳುವುದು ಇಷ್ಟು. ಇವತ್ತೇ ಮನೆಯ ಹಿರಿಯರ ಫೋನ್ ಕೈಗೆ ತೆಗೆದುಕೊಳ್ಳಿ. ಡು ನಾಟ್ ಡಿಸ್ಟರ್ಬ್ ಆಯ್ಕೆಯಲ್ಲಿ ಹೆಸರು ಉಳಿಸಿದವರ ಕರೆಗೆ ಮಾತ್ರ ಅನುಮತಿ ಕೊಡಿ, ವಾಟ್ಸಾಪಿನ ಪ್ರೈವೆಸಿಯಲ್ಲಿ ಅಪರಿಚಿತ ಕರೆಗಳನ್ನು ಮೌನಗೊಳಿಸಿ, ದುಡ್ಡು ಹೋದರೆ ನಾಚದೆ ಕೂಡಲೇ 1930ಕ್ಕೆ ಕರೆ ಮಾಡುವಂತೆ ಹೇಳಿ. ನಾಳೆ ಗ್ರಾಮಸಭೆಯಲ್ಲಿ, ಸಂಘದ ಸಭೆಯಲ್ಲಿ ಒಂದು ಠರಾವು ಬರೆಯಿಸಿ: ನೆಟ್ ಉಳಿಸಿಕೊಂಡು ಒಳಬರುವ ಕರೆ ತಡೆಯುವ ಗುಂಡಿ ಪ್ರತಿ ಸಿಮ್ಮಿಗೂ, ಕನ್ನಡದಲ್ಲಿ, ಪುಕ್ಕಟೆಯಾಗಿ ಸಿಗಬೇಕು ಎಂದು. ಅದನ್ನು ಬೆಂಗಳೂರಿನ ಟ್ರಾಯ್ ಪ್ರಾದೇಶಿಕ ಕಚೇರಿಗೂ ನಿಮ್ಮ ಸಂಸದರಿಗೂ ಕಳಿಸಿ, ಉತ್ತರ ಬರುವ ತನಕ ಮತ್ತೆ ಮತ್ತೆ ಕಳಿಸಿ.