ಗಡಿ ದಾಟದ ಗುರುತು

ರೋಣ, ನರಗುಂದ, ಗಜೇಂದ್ರಗಡದಂತಹ ಊರುಗಳಿಂದ ದುಡಿಮೆಗಾಗಿ ಕೊಲ್ಲಿಗೆ ಹೊರಟವರಿಗೆ ದಾಖಲೆಯ ಒಂದಕ್ಷರದ ವ್ಯತ್ಯಾಸವೂ ಎಂತಹ ಸಂಕಷ್ಟ ತರಬಲ್ಲದೆಂದು ನಮ್ಮ ಕುಟುಂಬಗಳಿಗೆ ಗೊತ್ತು. ಹೀಗಿರುವಾಗ ವ್ಯತ್ಯಾಸವು ಲಿಂಗದ ಕಾಲಮ್ಮಿನಲ್ಲೇ ಇದ್ದರೆ?

ಇದು ದೂರದ ಪ್ರಶ್ನೆಯಲ್ಲ. ಸವದತ್ತಿಗೆ ಸಮೀಪದ ಈ ಸೀಮೆಗೆ ಜೋಗಪ್ಪರು ಹೊಸಬರಲ್ಲ. ಮಂಜಮ್ಮ ಜೋಗತಿಯವರನ್ನು ದೇಶ ಪದ್ಮಶ್ರೀ ನೀಡಿ ಗೌರವಿಸಿದೆ. 2014ರ ಎಪ್ರಿಲ್ 15ರಂದು ಸುಪ್ರೀಮ್ ಕೋರ್ಟು ತೃತೀಯ ಲಿಂಗಕ್ಕೆ ಮಾನ್ಯತೆ ನೀಡಿತು. ಗುರುತಿನ ಪ್ರಮಾಣಪತ್ರ ನೀಡುವ ಹೊಣೆಯನ್ನು 2019ರ ಕಾಯ್ದೆ ಜಿಲ್ಲಾಧಿಕಾರಿಗೆ ವಹಿಸಿತು. ಈ ಮೂರು ತಾಲೂಕಿನವರ ಮಟ್ಟಿಗೆ ಅದು ಗದಗ. 2024ರ ಡಿಸೆಂಬರಿನಲ್ಲಿ ಕರ್ನಾಟಕ ಹೈಕೋರ್ಟು, ಇಂಥವರ ಜನನ ಪ್ರಮಾಣಪತ್ರದಲ್ಲಿ ಹಳೆಯ ಮತ್ತು ಹೊಸ ಹೆಸರು, ಲಿಂಗಗಳೆರಡನ್ನೂ ನಮೂದಿಸಿಕೊಡಬೇಕೆಂದು ಆದೇಶಿಸಿತು.

ಆದರೆ ಗದಗದ ಮೊಹರಿಗೆ ವಿದೇಶದ ವಿಮಾನ ನಿಲ್ದಾಣದಲ್ಲಿ ಬೆಲೆಯೆಷ್ಟು? ಪಾಸ್‌ಪೋರ್ಟಿನಲ್ಲಿ ಗಂಡು, ಹೆಣ್ಣು ಅಲ್ಲದೆ ಮೂರನೆಯ ಗುರುತಿಗೂ ಅಂತಾರಾಷ್ಟ್ರೀಯ ನಿಯಮಗಳಲ್ಲಿ ಅವಕಾಶವಿದೆ. ಆದರೆ ಆ ಗುರುತನ್ನು ಒಪ್ಪುವುದು, ಬಿಡುವುದು ಆಯಾ ರಾಷ್ಟ್ರದ ಮರ್ಜಿ. ಲಿಂಗ ಬದಲಾವಣೆಯ ತೀರ್ಪುಗಳನ್ನು ಪರಸ್ಪರ ಮಾನ್ಯ ಮಾಡುವ ಒಪ್ಪಂದವೊಂದು 2000ದಲ್ಲಿ ವಿಯೆನ್ನಾದಲ್ಲಿ ಆಯಿತಾದರೂ ಅದು ಯುರೋಪಿನ ಬೆರಳೆಣಿಕೆಯ ರಾಷ್ಟ್ರಗಳನ್ನು ದಾಟಲಿಲ್ಲ. ಬ್ರಿಟನ್ನಿನಲ್ಲಿ ಆದ ಬದಲಾವಣೆಯನ್ನು ರೊಮೇನಿಯಾ ಒಪ್ಪಲೇಬೇಕೆಂದು ಯುರೋಪಿಯನ್ ಒಕ್ಕೂಟದ ನ್ಯಾಯಾಲಯ ಹೇಳಿದ್ದು 2024ರಲ್ಲಿ. ಮರುವರ್ಷ ಅಮೆರಿಕ ತದ್ವಿರುದ್ಧ ದಿಕ್ಕು ಹಿಡಿದು, ಪಾಸ್‌ಪೋರ್ಟಿನಲ್ಲಿ ಜನನದ ಲಿಂಗವನ್ನಷ್ಟೇ ನಮೂದಿಸುವ ನೀತಿ ತಂದಿತು. ಕುವೈತ್ 2007ರಲ್ಲಿ ಅನ್ಯಲಿಂಗದ ಅನುಕರಣೆಯನ್ನೇ ಅಪರಾಧವಾಗಿಸಿತ್ತು. ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ ಅದನ್ನು ರದ್ದುಗೊಳಿಸಿದ್ದು 2022ರಲ್ಲಿ. ಮನುಷ್ಯ ಒಬ್ಬನೇ, ಗಡಿ ಬದಲಾದಂತೆ ಒಮ್ಮೆ ಪ್ರಜೆ, ಒಮ್ಮೆ ಆರೋಪಿ!

ಶಸ್ತ್ರಚಿಕಿತ್ಸೆಯ ಕುರಿತು ವಿದ್ವಾಂಸರಲ್ಲಿ ಒಮ್ಮತವಿಲ್ಲ. ಇರಾನ್ ಅದಕ್ಕೆ ಅನುಮತಿಸಿದೆ. ಸುನ್ನೀ ವಿದ್ವಾಂಸರಲ್ಲಿ ಹೆಚ್ಚಿನವರು ಹುಟ್ಟಿನಿಂದಲೇ ಲಿಂಗ ಅಸ್ಪಷ್ಟವಿರುವವರ ಚಿಕಿತ್ಸೆಗಷ್ಟೇ ಸಮ್ಮತಿಸುತ್ತಾರೆ. ಆ ಚರ್ಚೆ ನಡೆಯಲಿ. ಆದರೆ ಖುನ್ಸಾಗೆ ವಾರೀಸು ಆಸ್ತಿಯಲ್ಲಿ ಪಾಲೆಷ್ಟು, ನಮಾಝಿನಲ್ಲಿ ಸಾಲು ಯಾವುದು ಎಂದು ಫಿಕ್ಹ್ ಗ್ರಂಥಗಳು ಶತಮಾನಗಳ ಹಿಂದೆಯೇ ಚರ್ಚಿಸಿವೆ. ಪಾಲೇ ಇಲ್ಲವೆಂದು, ಸಾಲೇ ಇಲ್ಲವೆಂದು ಅವು ಹೇಳಲಿಲ್ಲ. ದುರಂತವೆಂದರೆ, ಆ ಗ್ರಂಥಗಳನ್ನು ಗೌರವಿಸುವ ನಾವೇ ಇಂತಹ ಮಕ್ಕಳನ್ನು ಮನೆಯಿಂದ ಹೊರಹಾಕುತ್ತೇವೆ; ರೇಷನ್ ಕಾರ್ಡಿನಿಂದ ಹೆಸರು ತೆಗೆಸುತ್ತೇವೆ. ವಿಳಾಸವೇ ಇಲ್ಲದವರು ಪ್ರಮಾಣಪತ್ರಕ್ಕೆ ಅರ್ಜಿ ಹಾಕುವುದಾದರೂ ಹೇಗೆ?

ಕೇಂದ್ರ ಸರಕಾರವು ಇತರ ರಾಷ್ಟ್ರಗಳೊಂದಿಗಿನ ಕಾರ್ಮಿಕ ಒಪ್ಪಂದಗಳಲ್ಲಿ ಈ ಗುರುತಿನ ಮಾನ್ಯತೆಯನ್ನೂ ಸೇರಿಸಬೇಕು. ಹೊರಡುವ ಮುನ್ನವೇ ಆಯಾ ದೇಶದ ಕಾನೂನನ್ನು ತಿಳಿಸುವ ವ್ಯವಸ್ಥೆ ಮಾಡಬೇಕು. ಸಂಕಷ್ಟಕ್ಕೆ ಸಿಲುಕಿದವರ ನೆರವಿಗೆ ರಾಯಭಾರ ಕಚೇರಿಗಳು ಧಾವಿಸಬೇಕು. ಇವೆಲ್ಲ ಆಗಲು ವರ್ಷಗಳು ಬೇಕಾದೀತು. ಆದರೆ ಮಗುವಿನ ಹೆಸರನ್ನು ರೇಷನ್ ಕಾರ್ಡಿನಲ್ಲಿ ಉಳಿಸಿಕೊಳ್ಳಲು ಯಾವ ಒಪ್ಪಂದವೂ ಬೇಕಿಲ್ಲ.