ಬಂಕಾಪುರ ತಲುಪುವ ಹೊತ್ತಿಗೆ ಕಂಟೇನರ್ ಮನೆಯ ಬೆಲೆ ಎಷ್ಟು?

2024ರ ಜುಲೈ ತಿಂಗಳು. ಸವಣೂರು ತಾಲ್ಲೂಕಿನ ಮಾದಾಪುರದಲ್ಲಿ ಎಡೆಬಿಡದ ಮಳೆಗೆ ನೆನೆದಿದ್ದ ಮನೆಯೊಂದು ಕುಸಿದು ಒಬ್ಬ ಮಹಿಳೆ ಮತ್ತು ಇಬ್ಬರು ಎಳೆಯ ಮಕ್ಕಳು ಪ್ರಾಣ ಕಳೆದುಕೊಂಡರು. ಹಾವೇರಿ ಜಿಲ್ಲೆಯವರಿಗೆ ಇಂಥ ಸುದ್ದಿ ಹೊಸದಲ್ಲ. ಶಿಗ್ಗಾವಿ, ಸವಣೂರು, ಹಾನಗಲ್ಲ, ಹಿರೇಕೆರೂರು ಕಡೆಯ ಹಳ್ಳಿಗಳಲ್ಲಿ ಮಣ್ಣಿನ ಗೋಡೆಯ ಮನೆಗಳು ಇನ್ನೂ ಬೇಕಾದಷ್ಟಿವೆ. ಮುಂಗಾರು ಜೋರಾದ ವಾರ ಒಂದಿಲ್ಲೊಂದು ಊರಿನಲ್ಲಿ ಗೋಡೆ ಬೀಳುತ್ತದೆ, ತಹಶೀಲ್ದಾರರು ಬರುತ್ತಾರೆ, ಪಂಚನಾಮೆ ಆಗುತ್ತದೆ. ಆಮೇಲೆ ಆ ಕುಟುಂಬ ಎಲ್ಲಿ ಮಲಗಬೇಕು ಎಂಬ ಪ್ರಶ್ನೆ ಮಾತ್ರ ಹಾಗೇ ಉಳಿಯುತ್ತದೆ.

ಈ ಪ್ರಶ್ನೆಗೆ ಈಗ ಮೊಬೈಲ್ ಪರದೆಯ ಮೇಲೆ ಸುಲಭದ ಉತ್ತರವೊಂದು ಓಡಾಡುತ್ತಿದೆ. ಟ್ರೇಲರ್ ಮೇಲೆ ಒಂದು ಪೆಟ್ಟಿಗೆ ಬರುತ್ತದೆ, ಕ್ರೇನ್ ಅದನ್ನು ಇಳಿಸುತ್ತದೆ. ನಾಲ್ಕು ಜನ ಎರಡೂ ಬದಿಯ ಗೋಡೆಗಳನ್ನು ಬಿಚ್ಚಿದರೆ ಅರ್ಧ ದಿನದಲ್ಲಿ ಎರಡು ಕೋಣೆ, ಅಡುಗೆಮನೆ, ಸ್ನಾನದ ಮನೆ ಸಿದ್ಧ. ಕೆಳಗೆ ಬೆಲೆ: ಎರಡು ಲಕ್ಷ, ಮೂರು ಲಕ್ಷ, ಐದು ಲಕ್ಷ. ನೋಡಿದವರಿಗೆ ಆಸೆ ಹುಟ್ಟುವುದು ಸಹಜ. ಇದೇ ಜಿಲ್ಲೆಯ ಬಂಕಾಪುರದಂಥ ಊರಿನಲ್ಲಿ ಆ ಆಸೆಗೆ ಕಾರಣ ಇನ್ನೂ ಒಂದಿದೆ: ಪುಣೆ–ಬೆಂಗಳೂರು ಹೆದ್ದಾರಿ ಊರಿನ ಪಕ್ಕದಲ್ಲೇ ಹಾದುಹೋಗಿದೆ. ಕಂಟೇನರ್ ಹೊತ್ತ ಲಾರಿಗಳು ಹಗಲೂ ರಾತ್ರಿ ಕಣ್ಣೆದುರೇ ಓಡುತ್ತವೆ. ಅದರಲ್ಲೊಂದು ನಮ್ಮೂರಲ್ಲಿ ಇಳಿದರೆ ಮನೆ ಆಯಿತಲ್ಲ ಎಂದು ಅನ್ನಿಸದೇ ಇರುವುದಿಲ್ಲ.

ಆದರೆ ಜಾಹೀರಾತಿನಲ್ಲಿ ಇರುವುದು ಪೆಟ್ಟಿಗೆಯ ಬೆಲೆ. ಮನೆಯ ಬೆಲೆ ಬೇರೆ, ಅದನ್ನು ಕೂಡಿಸಿ ಕಳೆದು ನೋಡಬೇಕು.

ನಲವತ್ತು ಅಡಿ ಉದ್ದ, ಎಂಟು ಅಡಿ ಅಗಲದ ಕಂಟೇನರ್ ಎಂದರೆ ನಮ್ಮ ಗೌಂಡಿಗಳ ಲೆಕ್ಕದಲ್ಲಿ ಮೂರು ಚದರ ಚಿಲ್ಲರೆ, ಅಂದರೆ 320 ಚದರಡಿ. ಒಳಗೆ ಹಲಗೆ, ವೈರಿಂಗ್, ಕಿಟಕಿ, ಬಾಗಿಲು ಎಲ್ಲ ಹಾಕಿಸಿದ ಇಂಥ ಮನೆಗೆ ಮಾರಾಟಗಾರರು ಚದರಡಿಗೆ ಸುಮಾರು 1,200ರಿಂದ 2,000 ರೂಪಾಯಿವರೆಗೆ ಹೇಳುತ್ತಾರೆ. ನಡುವಿನ ದರ 1,500 ಎಂದುಕೊಂಡರೆ 4.80 ಲಕ್ಷ ಆಯಿತು. ಕಾರ್ಖಾನೆಯಲ್ಲಿ ತಯಾರಾದ ಕಟ್ಟಡಕ್ಕೆ ಜಿಎಸ್‌ಟಿ ಶೇ 18, ಅಂದರೆ ಇನ್ನೂ 86,400 ರೂಪಾಯಿ. ಬೆಂಗಳೂರಿನಿಂದಲೋ ಪುಣೆಯಿಂದಲೋ ಟ್ರೇಲರ್ ಬಾಡಿಗೆ, ಇಳಿಸಲು ಕ್ರೇನ್ ಬಾಡಿಗೆ ಸೇರಿ ಅರವತ್ತು–ಎಪ್ಪತ್ತು ಸಾವಿರಕ್ಕೆ ಕಡಿಮೆ ಆಗುವುದು ಕಷ್ಟ. ಓಣಿ ಇಕ್ಕಟ್ಟಾಗಿದ್ದರೆ, ಮೇಲೆ ವಿದ್ಯುತ್ ತಂತಿ ಇದ್ದರೆ ಟ್ರೇಲರ್ ಒಳಗೇ ಬರುವುದಿಲ್ಲ, ಆ ಮಾತು ಬೇರೆ. ಪೆಟ್ಟಿಗೆ ಕೂರಲು ಕಾಂಕ್ರೀಟ್ ಕಟ್ಟೆಗಳು, ಶೌಚದ ಗುಂಡಿ, ನೀರಿನ ಪೈಪು, ಹೆಸ್ಕಾಂ ವಿದ್ಯುತ್ ಸಂಪರ್ಕ, ಬಿಸಿಲು ತಡೆಯಲು ಮೇಲೊಂದು ತಗಡಿನ ಚಪ್ಪರ, ಇವಕ್ಕೆ ಒಂದು ಲಕ್ಷದ ಮೇಲೆ ಇಡಬೇಕು. ಎಲ್ಲ ಕೂಡಿದರೆ ಏಳು ಲಕ್ಷ ದಾಟುತ್ತದೆ. ಅಷ್ಟೇ ಅಳತೆಯ ಇಟ್ಟಿಗೆ ಗೋಡೆ, ಆರ್‌ಸಿಸಿ ಛಾವಣಿಯ ಮನೆಯನ್ನು ಚದರಕ್ಕೆ ಒಂದೂಮುಕ್ಕಾಲರಿಂದ ಎರಡು ಲಕ್ಷದ ಲೆಕ್ಕದಲ್ಲಿ ಕಟ್ಟಿಸಿದರೆ ಐದೂವರೆಯಿಂದ ಆರೂವರೆ ಲಕ್ಷದೊಳಗೆ ಮುಗಿಯುತ್ತದೆ. ಇವು ಅಂದಾಜು ದರಗಳು, ಊರಿಂದೂರಿಗೆ ಬದಲಾಗುತ್ತವೆ. ಆದರೂ ಅಗ್ಗ ಎಂಬ ಮಾತು ಈ ಲೆಕ್ಕದೆದುರು ನಿಲ್ಲುವುದಿಲ್ಲ.

ಬೆಲೆ ಏರುವುದು ನಮ್ಮಲ್ಲಿ ಮಾತ್ರವಲ್ಲ. ಅಮೆರಿಕದ ಲಾಸ್ ವೇಗಸ್‌ನ ಬಾಕ್ಸಬಲ್ ಕಂಪನಿಯ ಮಡಿಚುವ ಮನೆ 'ಕಸೀಟ' ಜಗತ್ತಿನ ಗಮನ ಸೆಳೆದದ್ದೇ 49,500 ಡಾಲರ್ ಎಂಬ ಬೆಲೆಯಿಂದ. ಜಾಗ, ಬುನಾದಿ, ಸಾಗಣೆ, ನೀರು–ವಿದ್ಯುತ್ ಸಂಪರ್ಕ ಆ ಬೆಲೆಯೊಳಗೆ ಇರಲಿಲ್ಲ. ಮುಂದೆ ಕಂಪನಿ ಮೂಲ ಬೆಲೆಯನ್ನೂ ಏರಿಸಿತು.

ಇಪ್ಪತ್ತು ಅಡಿಯ ಪೆಟ್ಟಿಗೆ ಎರಡು–ಮೂರು ಲಕ್ಷಕ್ಕೆ ಸಿಗುತ್ತದೆ ಎಂಬುದು ನಿಜ. ಅದರೊಳಗಿನ ಜಾಗ ಸುಮಾರು 14 ಚದರ ಮೀಟರ್. ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆಯಲ್ಲಿ ಒಂದು ಮನೆ ಕನಿಷ್ಠ 25 ಚದರ ಮೀಟರ್ ಇರಬೇಕು ಎಂದಿದೆ. ಬಡವರಿಗೆ ಇಷ್ಟಾದರೂ ಬೇಕು ಎಂದು ಸರ್ಕಾರವೇ ಗೊತ್ತುಮಾಡಿದ ಅಳತೆಯ ಅರ್ಧದಷ್ಟೇ ಜಾಗವನ್ನು 'ಎಲ್ಲರ ಕೈಗೆಟಕುವ ಮನೆ' ಎಂದು ಮಾರುವುದು ಸರಿಯಲ್ಲ. ಕಂಟೇನರಿನ ಎಂಟಡಿ ಅಗಲವನ್ನು ಯಾರೂ ಮನುಷ್ಯರ ವಾಸಕ್ಕೆಂದು ನಿಗದಿ ಮಾಡಿದ್ದಲ್ಲ. ಅದು ಹಡಗು, ರೈಲು, ಲಾರಿಗಳಿಗೆ ಹೊಂದಿಕೊಳ್ಳುವ ಅಳತೆ. ಒಳಗೆ ಶಾಖ ತಡೆಯುವ ಹಲಗೆ ಹಾಕಿದ ಮೇಲೆ ಉಳಿಯುವುದು ಏಳಡಿಯ ಆಸುಪಾಸು. ಹಾಸಿಗೆ ಹಾಸಿದರೆ ಓಡಾಡಲು ದಾರಿ ಇರುವುದಿಲ್ಲ.

ಬಿಚ್ಚಿ ಅಗಲ ಮಾಡುವ ಮಾದರಿಗಳಿಗೆ ಈ ಕೊರತೆ ಇಲ್ಲ. ಇಪ್ಪತ್ತು ಅಡಿಯ ಪೆಟ್ಟಿಗೆ ಬಿಚ್ಚಿಕೊಂಡರೆ ಸುಮಾರು 37 ಚದರ ಮೀಟರ್ ಆಗುತ್ತದೆ, ಅಂದರೆ ನಾಲ್ಕು ಚದರದ ಮನೆ. ಆದರೆ ಅದು ಹಡಗಿನ ಕಂಟೇನರಿನಷ್ಟು ಗಟ್ಟಿಯಾದ ಉಕ್ಕಲ್ಲ. ತೆಳು ತಗಡಿನ ನಡುವೆ ಥರ್ಮೊಕೋಲನ್ನೋ ಬೇರೆ ಶಾಖನಿರೋಧಕವನ್ನೋ ತುಂಬಿದ ಹಲಗೆಗಳನ್ನು ಕೀಲುಗಳಿಂದ ಜೋಡಿಸಿರುತ್ತಾರೆ. ಕೀಲು ಇದ್ದಲ್ಲಿ ಸಂದು ಇರುತ್ತದೆ, ಸಂದಿನಲ್ಲಿ ಮಳೆನೀರು ಬರುತ್ತದೆ. ಶಿಗ್ಗಾವಿ–ಸವಣೂರು ಭಾಗದ ಎರೆ ನೆಲ ಇನ್ನೊಂದು ತೊಡಕು. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಹಗುರವಾದ ಮನೆಗೆ ಆಳದ ಪಾಯ ಬೇಡ ಎಂಬುದು ಒಂದು ಅನುಕೂಲವೇ. ಆದರೆ ನೆಲ ಒಂದಿಷ್ಟು ಓರೆಯಾದರೂ ಬಿಚ್ಚುವ ಮನೆಯ ಬಾಗಿಲು ಕೂರುವುದಿಲ್ಲ, ಸಂದು ತೆರೆದುಕೊಳ್ಳುತ್ತದೆ. ಎರೆ ತೆಗೆದು ಗರಸು ತುಂಬಿ ಗಟ್ಟಿ ಮಾಡಿಸಬೇಕು. ಆ ಖರ್ಚು ಯಾವ ಜಾಹೀರಾತಿನಲ್ಲೂ ಕಾಣುವುದಿಲ್ಲ.

ಬಿಸಿಲಿನ ಮಾತು ಇನ್ನೂ ಮುಖ್ಯ. ಏಪ್ರಿಲ್ ಮಧ್ಯಾಹ್ನ ಉಕ್ಕಿನ ಛಾವಣಿ ಮುಟ್ಟಲಾಗದಷ್ಟು ಕಾಯುತ್ತದೆ. 2019ರ ನೆರೆಯ ನಂತರ ಉತ್ತರ ಕರ್ನಾಟಕದಲ್ಲಿ ತಾತ್ಕಾಲಿಕ ತಗಡಿನ ಶೆಡ್ಡುಗಳಲ್ಲಿ ದಿನ ದೂಡಿದ ಸಂತ್ರಸ್ತರು ಅನುಭವಿಸಿದ್ದು ಇದನ್ನೇ. ಮಳೆಗಾಲದಲ್ಲಿ ಸದ್ದಿಗೆ ನಿದ್ದೆ ಇಲ್ಲ, ಬೇಸಿಗೆಯಲ್ಲಿ ಹಗಲು ಒಳಗಿರಲು ಆಗುವುದಿಲ್ಲ. ಶಾಖ ತಡೆಯುವ ಹಲಗೆ ಇಲ್ಲದ ಕಂಟೇನರ್ ಮತ್ತು ತಗಡಿನ ಶೆಡ್ಡಿನ ನಡುವೆ ಹೆಚ್ಚಿನ ವ್ಯತ್ಯಾಸವಿಲ್ಲ. ಎರಡಡಿ ದಪ್ಪದ ಮಣ್ಣಿನ ಗೋಡೆಯೊಳಗೆ ಬೆಳೆದವರನ್ನು ಅದರೊಳಗೆ ಕೂರಿಸಿದರೆ ಮೊದಲ ಬೇಸಿಗೆಗೇ ಅವರು ಹೊರಗೆ ಮರದ ಕೆಳಗೆ ಹೋಗುತ್ತಾರೆ.

ಈ ಸೀಮೆಯ ಮನೆ ಒಂದೇ ಸಲಕ್ಕೆ ಬೆಳೆದದ್ದಲ್ಲ ಎಂಬುದನ್ನೂ ನೆನೆಯಬೇಕು. ಗೋವಿನಜೋಳದ ದುಡ್ಡು ಬಂದ ವರ್ಷ ಒಂದು ಕೋಣೆ, ಹತ್ತಿಗೆ ಒಳ್ಳೆಯ ದರ ಸಿಕ್ಕ ವರ್ಷ ಪಡಸಾಲೆ, ಮಗನ ಮದುವೆಗೆ ಮುಂಚೆ ಇನ್ನೊಂದು ಕೋಣೆ, ಹಿತ್ತಲಲ್ಲಿ ದನಕ್ಕೊಂದು ಕೊಟ್ಟಿಗೆ. ಹೀಗೆ ಇಪ್ಪತ್ತು ವರ್ಷ ಬೆಳೆಯುತ್ತ ಹೋಗುವ ಮನೆಗೆ ಒಮ್ಮೆಲೇ ಏಳು ಲಕ್ಷ ಎಣಿಸಬೇಕಾಗಿಲ್ಲ. ಕಾರ್ಖಾನೆಯ ಮನೆಗೆ ಹಣವೆಲ್ಲ ಮೊದಲೇ ಬೇಕು. ಜೊತೆಗೆ, ಇಟ್ಟಿಗೆ ಮನೆಯ ಹಣ ತಾಲ್ಲೂಕಿನೊಳಗೇ ಸುತ್ತುತ್ತದೆ: ಗೌಂಡಿಗೆ, ಇಟ್ಟಿಗೆ ಭಟ್ಟಿಗೆ, ಉಸುಕಿನ ಟ್ರ್ಯಾಕ್ಟರಿಗೆ, ಕೂಲಿಯವರಿಗೆ. ಗ್ರಾಮೀಣ ಆವಾಸ್ ಯೋಜನೆಯಲ್ಲಿ 1.20 ಲಕ್ಷದ ನೆರವಿನ ಜೊತೆಗೆ 90 ಮಾನವ ದಿನಗಳ ಕೂಲಿಯನ್ನೂ ಜೋಡಿಸಿದ್ದಾರೆ. ಪೆಟ್ಟಿಗೆ ಕೊಂಡರೆ ಹಣ ದೂರದ ಕಾರ್ಖಾನೆಗೆ ಹೋಗುತ್ತದೆ. ಸಂದು ಸೋರಿದಾಗ ದುರಸ್ತಿಗೂ ಅಲ್ಲಿಗೇ ಫೋನು ಮಾಡಬೇಕು.

ಸರ್ಕಾರದ ನೆರವಿನಲ್ಲಿ ಇಂಥ ಮನೆ ಕೊಳ್ಳುತ್ತೇನೆ ಎಂದು ಹೊರಟವರಿಗೆ ಇನ್ನೊಂದು ಗೋಡೆ ಎದುರಾಗುತ್ತದೆ. ರಾಜೀವ್ ಗಾಂಧಿ ವಸತಿ ನಿಗಮ ಹಣ ಬಿಡುಗಡೆ ಮಾಡುವುದು ಹಂತ ಹಂತವಾಗಿ: ತಳಪಾಯ ಆದಾಗ, ಲಿಂಟೆಲ್ ಮಟ್ಟಕ್ಕೆ ಬಂದಾಗ, ಛಾವಣಿ ಬಿದ್ದಾಗ, ಪೂರ್ಣಗೊಂಡಾಗ. ಪ್ರತಿ ಹಂತಕ್ಕೂ ಜಿಪಿಎಸ್ ಫೋಟೊ ಬೇಕು. ಒಂದೇ ದಿನದಲ್ಲಿ ಇಳಿಯುವ ಮನೆಗೆ ಲಿಂಟೆಲ್ ಹಂತ ಎಲ್ಲಿಂದ ತರುವುದು? ಕದಲಿಸಬಹುದಾದ ವಸ್ತುವಿಗೆ ಬ್ಯಾಂಕಿನ ಗೃಹಸಾಲವೂ ಸುಲಭವಾಗಿ ಸಿಗುವುದಿಲ್ಲ. ಇನ್ನು ನಿವೇಶನವೇ ಇಲ್ಲದವರಿಗೆ, ಹಕ್ಕುಪತ್ರಕ್ಕಾಗಿ ಕಾಯುತ್ತಿರುವ ತಾಂಡಾಗಳ ಕುಟುಂಬಗಳಿಗೆ, ಯಾವ ಪೆಟ್ಟಿಗೆಯಿಂದಲೂ ಪರಿಹಾರವಿಲ್ಲ. ಅವರಿಗೆ ಮೊದಲು ಬೇಕಾದ್ದು ನೆಲ.

ಹಾಗೆಂದು ಈ ತಂತ್ರವನ್ನೇ ತಳ್ಳಿಹಾಕುವುದು ತಪ್ಪು. ಕಾರ್ಖಾನೆಯಲ್ಲಿ ತಯಾರಿಸಿ ತಂದು ಜೋಡಿಸುವ ಕಟ್ಟಡದ ಶಕ್ತಿ ಅದರ ವೇಗದಲ್ಲಿದೆ. 2017ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಇಂದಿರಾ ಕ್ಯಾಂಟೀನುಗಳು ಅಷ್ಟು ಬೇಗ ಎದ್ದುನಿಂತದ್ದು ಹೀಗೆಯೇ. ತಮಿಳುನಾಡಿನ ಕೃಷ್ಣಗಿರಿಯ ಕಾರ್ಖಾನೆಯಲ್ಲಿ ಕಾಂಕ್ರೀಟ್ ಭಾಗಗಳನ್ನು ಎರಕ ಹೊಯ್ದು ತಂದು ಜೋಡಿಸಲಾಯಿತು. ಮದ್ರಾಸ್ ಐಐಟಿಯ ಆಸರೆಯಲ್ಲಿ ಬೆಳೆದ ಮಾಡ್ಯುಲಸ್ ಹೌಸಿಂಗ್ ಸಂಸ್ಥೆ ಕೋವಿಡ್ ಕಾಲದಲ್ಲಿ, 2020ರಲ್ಲಿ, ಕೇರಳದ ವಯನಾಡು ಜಿಲ್ಲೆಯ ವರದೂರಿನಲ್ಲಿ ಮಡಿಚಿ ತಂದ ಘಟಕಗಳಿಂದಲೇ 30 ಹಾಸಿಗೆಯ ಆಸ್ಪತ್ರೆ ಸಿದ್ಧಪಡಿಸಿತು. 2011ರ ಸುನಾಮಿಯ ನಂತರ ಜಪಾನಿನ ಒನಗಾವಾದಲ್ಲಿ ವಾಸ್ತುಶಿಲ್ಪಿ ಶಿಗೆರು ಬಾನ್ ಕಂಟೇನರುಗಳನ್ನು ಮೂರು ಅಂತಸ್ತಿಗೆ ಜೋಡಿಸಿ 189 ಕುಟುಂಬಗಳಿಗೆ ತಾತ್ಕಾಲಿಕ ಮನೆ ಮಾಡಿಕೊಟ್ಟರು. ಪೆಟ್ಟಿಗೆಗಳ ನಡುವೆ ಖಾಲಿ ಜಾಗ ಬಿಟ್ಟು ಗಾಳಿ–ಬೆಳಕಿಗೆ ಅವಕಾಶ ಮಾಡಿದ್ದು ಅವರ ಜಾಣತನ. 2023ರ ಭೂಕಂಪದ ನಂತರ ಟರ್ಕಿಗೆ ಕತಾರ್ ದೇಶ ವಿಶ್ವಕಪ್ ಫುಟ್‌ಬಾಲ್‌ ವೇಳೆ ಬಳಸಿದ್ದ ಕ್ಯಾಬಿನ್ ಮನೆಗಳನ್ನೇ ಕಳಿಸಿಕೊಟ್ಟಿತು. ಒಂದೆಡೆ ಕೆಲಸ ಮುಗಿದ ಮೇಲೆ ಇನ್ನೊಂದೆಡೆಗೆ ಹೋಗುವ ಗುಣ ಇಟ್ಟಿಗೆ ಮನೆಗೆ ಇಲ್ಲ.

ನಮ್ಮ ಜಿಲ್ಲೆಗೆ ಬೇಕಾದ್ದು ಆ ಗುಣವೇ. ಕೊಡಗಿನ ಲೆಕ್ಕ ನೋಡಿದರೆ ಇದು ಸ್ಪಷ್ಟವಾಗುತ್ತದೆ. 2018ರ ಆಗಸ್ಟ್‌ನಲ್ಲಿ ಭೂಕುಸಿತದಿಂದ ಮನೆ ಕಳೆದುಕೊಂಡವರಿಗೆ ಸರ್ಕಾರ ತಿಂಗಳಿಗೆ 10,000 ರೂಪಾಯಿ ಮನೆ ಬಾಡಿಗೆ ಕೊಟ್ಟಿತು. ಜಂಬೂರು ಮತ್ತು ಮದೆನಾಡಿನಲ್ಲಿ ತಲಾ ಸುಮಾರು 9.85 ಲಕ್ಷ ವೆಚ್ಚದ ಮನೆಗಳು ಹಸ್ತಾಂತರವಾದದ್ದು 2020ರ ಜೂನ್‌ನಲ್ಲಿ. ನಡುವಿನ 22 ತಿಂಗಳಿಗೂ ಬಾಡಿಗೆ ಎಣಿಸಿದರೆ ಒಂದು ಕುಟುಂಬಕ್ಕೆ 2.20 ಲಕ್ಷ ಆಗುತ್ತದೆ. ಇಪ್ಪತ್ತು ಅಡಿಯ ಒಂದು ಪೆಟ್ಟಿಗೆಯ ಬೆಲೆ ಅಷ್ಟೇ! ಬಾಡಿಗೆಯ ಹಣ ಖರ್ಚಾಗಿ ಹೋಗುತ್ತದೆ, ಪೆಟ್ಟಿಗೆ ಮುಂದಿನ ವರ್ಷ ಇನ್ನೊಂದು ಕುಟುಂಬಕ್ಕೆ ಬರುತ್ತದೆ. ಮಡಿಕೇರಿಯಲ್ಲಾದರೆ ಬಾಡಿಗೆಗೆ ಮನೆ ಹುಡುಕಬಹುದು. ವರದಾ ನದಿ ದಂಡೆಯ ಹಳ್ಳಿಯೊಂದರಲ್ಲಿ ಬಾಡಿಗೆ ಮನೆ ಎಲ್ಲಿ ಸಿಗಬೇಕು? ಶಾಲೆಯಲ್ಲೋ ಸಮುದಾಯ ಭವನದಲ್ಲೋ ಕಾಳಜಿ ಕೇಂದ್ರ ತೆರೆದು ಕೆಲವು ದಿನ ಊಟ ಹಾಕುತ್ತಾರೆ. ಮಳೆ ನಿಂತ ಮೇಲೆ ಶಾಲೆ ಬಿಡಬೇಕು. ಜನ ಬಿದ್ದ ಮನೆಯ ಉಳಿದ ಗೋಡೆಗೇ ತಾಡಪಾಲು ಕಟ್ಟಿಕೊಂಡು ಮತ್ತೆ ಅಪಾಯದ ಕೆಳಗೇ ಮಲಗುತ್ತಾರೆ.

ಪರಿಹಾರದ ಹಣ ಬಂದರೂ ಮನೆ ಏಳಲು ಸಮಯ ಬೇಕು. ವಿಪತ್ತು ಪರಿಹಾರ ನಿಧಿಯ ನಿಯಮದಲ್ಲಿ ಪೂರ್ತಿ ಬಿದ್ದ ಮನೆಗೆ 95,100 ರೂಪಾಯಿ ಇದ್ದ ಕಾಲದಲ್ಲಿ, 2019ರಲ್ಲಿ, ರಾಜ್ಯ ಸರ್ಕಾರ ಅದನ್ನು ಐದು ಲಕ್ಷಕ್ಕೆ ಏರಿಸಿದ್ದು ದೊಡ್ಡ ನಿರ್ಧಾರವೇ. ಆದರೆ ಆ ಐದು ಲಕ್ಷವೂ ಕಂತುಗಳಲ್ಲೇ ಬರುವಂಥದ್ದು. ಮೊದಲ ಕಂತಿಗೂ ಕೊನೆಯ ಕಂತಿಗೂ ನಡುವೆ ಆ ಕುಟುಂಬದ ಹೆಂಗಸರು, ಹಸುಗೂಸು, ವಯಸ್ಸಾದವರು ಎಲ್ಲಿರಬೇಕು ಎಂಬ ಪ್ರಶ್ನೆ ಉಳಿಯುತ್ತದೆ. ಮಡಿಚುವ ಮನೆ ನಿಜಕ್ಕೂ ಅಗ್ಗವಾಗುವುದು ಇಲ್ಲಿ. ಒಂದು ಕುಟುಂಬ ಜೀವಮಾನಕ್ಕೆಂದು ಕೊಂಡರೆ ದುಬಾರಿ, ಜಿಲ್ಲೆ ಕೊಂಡು ಹತ್ತು ಮಳೆಗಾಲ ಹತ್ತು ಕುಟುಂಬಗಳಿಗೆ ಕೊಟ್ಟರೆ ಅಗ್ಗ.

ಹಾವೇರಿ ಜಿಲ್ಲಾಡಳಿತ ಪ್ರತಿ ತಾಲ್ಲೂಕಿಗೆ ಒಂದಿಷ್ಟು ಮಡಿಚುವ ಘಟಕಗಳನ್ನು ಕೊಂಡು ಎಪಿಎಂಸಿ ಗೋದಾಮಿನಲ್ಲೋ ಪುರಸಭೆಯ ಜಾಗದಲ್ಲೋ ಇಡಲಿ. ಹೆದ್ದಾರಿ ಪಕ್ಕದ ಬಂಕಾಪುರ ಶಿಗ್ಗಾವಿ, ಸವಣೂರು, ಹಾನಗಲ್ಲ ಮೂರೂ ಕಡೆಗೆ ಸಾಗಿಸಲು ಅನುಕೂಲದ ಜಾಗ. ಕೊಳ್ಳುವಾಗ ಕರಾರಿನಲ್ಲಿ ಶಾಖ ತಡೆಯುವ ಹಲಗೆಯ ದಪ್ಪ, ಬೆಂಕಿಗೆ ಅದು ಹೇಗೆ ವರ್ತಿಸುತ್ತದೆ ಎಂಬ ಪರೀಕ್ಷೆಯ ದಾಖಲೆ, ಸೋರಿಕೆಗೆ ಕನಿಷ್ಠ ಐದು ವರ್ಷದ ಜವಾಬ್ದಾರಿ ಇರಲೇಬೇಕು. ಊರಿನ ವೆಲ್ಡರುಗಳಿಗೂ ಗೌಂಡಿಗಳಿಗೂ ಜೋಡಣೆ–ದುರಸ್ತಿ ಕಲಿಸಿದರೆ ಇನ್ನೂ ಒಳ್ಳೆಯದು. ಸ್ವಂತ ದುಡ್ಡಿನಲ್ಲಿ ಇಂಥ ಮನೆ ಕೊಳ್ಳಲು ಹೊರಟವರು ತೆರಿಗೆ, ಸಾಗಣೆ, ಕ್ರೇನ್, ಕಟ್ಟೆ, ಸಂಪರ್ಕ ಎಲ್ಲ ಸೇರಿದ ಬೆಲೆಯನ್ನು ಬರಹದಲ್ಲಿ ಪಡೆಯದೆ ಮುಂಗಡ ಕೊಡಬಾರದು. ಜಿಲ್ಲಾಡಳಿತ ಈ ಖರೀದಿಯ ಟೆಂಡರನ್ನು ಮುಂಗಾರಿಗೆ ಮುಂಚೆ, ಮಾರ್ಚ್ ತಿಂಗಳಿನೊಳಗೇ ಮುಗಿಸಬೇಕು.